ಅಟ್ಟದ ಮೇಲಿನ ಗ್ರಂಥಮಾಲೆ, ಗಡಿಯಾಚೆಯ ಓದು

ಧಾರವಾಡದ ಮನೋಹರ ಗ್ರಂಥಮಾಲೆಯನ್ನು ಕೊಂಡಾಡುವ ಬರಹಗಳಿಗೆ ಒಂದು ಸಿದ್ಧ ಕ್ರಮವಿದೆ: 1933ರಲ್ಲಿ ಜಿ. ಬಿ. ಜೋಶಿಯವರಿಂದ ಆರಂಭ, ಕೀರ್ತಿನಾಥ ಕುರ್ತಕೋಟಿಯವರ ಮಾರ್ಗದರ್ಶನ, ‘ಯಯಾತಿ’ (1961), ‘ತುಘಲಕ್’ (1964), ‘ಸಂಸ್ಕಾರ’ (1965), ಅಲ್ಲಿಗೆ ನವ್ಯದ ವಿಜಯ. ಈ ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಪ್ರಕಾಶನವೊಂದರ ಚರಿತ್ರೆಯನ್ನು ಪಂಥವೊಂದರ ಚರಿತ್ರೆಗೆ ಒತ್ತೆಯಿಡುತ್ತದೆ.

ಕೃತಿಗಳು ಹುಟ್ಟಿದ ನೆಲೆಗಳನ್ನು ಗಮನಿಸಿದರೆ ಬೇರೊಂದು ಚಿತ್ರ ಮೂಡುತ್ತದೆ. ಗಿರೀಶ ಕಾರ್ನಾಡರು ‘ಯಯಾತಿ’ಯನ್ನು ಬರೆದದ್ದು ಇಂಗ್ಲೆಂಡಿಗೆ ಹೊರಡುವ ಹೊತ್ತಿನಲ್ಲಿ, ಅವರ ಮನೆಮಾತು ಕೊಂಕಣಿ. ಅನಂತಮೂರ್ತಿಯವರ ‘ಸಂಸ್ಕಾರ’ ರೂಪುಗೊಂಡದ್ದು ಬರ್ಮಿಂಗ್‌ಹ್ಯಾಮಿನಲ್ಲಿ. ತಮಿಳು ಮನೆಮಾತಿನ ಎ. ಕೆ. ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’ (1969) ಪ್ರಕಟವಾದಾಗ ಕವಿ ಷಿಕಾಗೋದಲ್ಲಿ ಅಧ್ಯಾಪಕರು. ಸುಭಾಸ ರಸ್ತೆಯ ‘ಅಟ್ಟ’ದಿಂದ ಹೊರಬಂದ ಮುಖ್ಯ ಕೃತಿಗಳಲ್ಲಿ ಹಲವು ಕನ್ನಡ ನೆಲದಿಂದಲೋ ಕನ್ನಡ ಮನೆಮಾತಿನಿಂದಲೋ ದೂರ ನಿಂತವರವು. ದ್ವಿಭಾಷಿಕತೆಯನ್ನು ಗಡಿನಾಡಿನ ಕೊರತೆಯೆಂದು ಕರುಣೆಯಿಂದ ನೋಡುವವರು ಇದನ್ನು ಮರೆಯುತ್ತಾರೆ.

ಇದಕ್ಕಿಂತ ಗಂಭೀರವಾದದ್ದು ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’ಯ ಪ್ರಶ್ನೆ. ಏಕೀಕರಣದ ವರ್ಷವಾದ 1956ರಲ್ಲೇ ಬಂದ ಈ ಕಾದಂಬರಿ ವಿಧವೆಯೊಬ್ಬಳ ಸಂಸಾರದ ಕಥೆ. ಇಲ್ಲಿ ಧಾರವಾಡ ಸೀಮೆಯ ಆಡುನುಡಿ ‘ಪ್ರಾದೇಶಿಕ ಸೊಗಡು’ ಎಂಬ ಒಗ್ಗರಣೆಯಾಗಿಲ್ಲ. ಪಾತ್ರಗಳ ಹಟ, ಲೆಕ್ಕಾಚಾರ, ಭಕ್ತಿಗಳೆಲ್ಲ ಆ ನುಡಿಯಲ್ಲೇ ಯೋಚಿಸಲ್ಪಡುತ್ತವೆ. ಪ್ರಕಾಶಕ ಜೋಶಿಯವರೇ ‘ಜಡಭರತ’ರಾಗಿ ‘ಸತ್ತವರ ನೆರಳು’ ಬರೆದ ನಾಟಕಕಾರರು. ಮಾತಿನ ಬೆಲೆ ಬಲ್ಲ ಕಿವಿ ಆ ಮನೆಯಲ್ಲಿತ್ತು. ‘ಸಂಸ್ಕಾರ’ದ ಮಲೆನಾಡಿಗಿಂತ ಗಂಗವ್ವನ ಮಾತು ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡಕ್ಕೆ ಹತ್ತಿರದ್ದು. ಗ್ರಂಥಮಾಲೆ ಆರಂಭವಾದಾಗ ಧಾರವಾಡವೂ ಸೊಲ್ಲಾಪುರವೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ಅಕ್ಕಲಕೋಟೆ, ಜತ್ತಗಳು ನೆರೆಯ ಸಂಸ್ಥಾನಗಳು. 1956ರ ಗೆರೆ ಆಡಳಿತವನ್ನು ಬೇರ್ಪಡಿಸಿತು, ನುಡಿಯನ್ನಲ್ಲ.

ವಿಮರ್ಶೆ ಮಾತ್ರ ಆ ಗೆರೆಯನ್ನು ಒಪ್ಪಿಕೊಂಡು ಕುಳಿತಿದೆ. ಕುರ್ತಕೋಟಿಯವರ ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’ವನ್ನು ಉಲ್ಲೇಖಿಸದ ನವ್ಯ ವಿಮರ್ಶಕ ಅಪರೂಪ, ಮೊಕಾಶಿಯವರ ಗದ್ಯವನ್ನು ಗಡಿಯಾಚೆಯ ಆಡುನುಡಿಯೊಂದಿಗೆ ಇಟ್ಟು ಓದಿದವರು ಇನ್ನೂ ಅಪರೂಪ. ಸಂಭ್ರಮದ ಪಟ್ಟಿಗಳಲ್ಲಿ ‘ಗಂಗವ್ವ’ ಸಾಮಾನ್ಯವಾಗಿ ‘ಸಂಸ್ಕಾರ’ದ ಹಿಂದಿನ ಸಾಲಿನಲ್ಲಿರುತ್ತಾಳೆ. ಜತ್ತದ ಕನ್ನಡ ತರಗತಿಯಲ್ಲಿ ಆ ಕ್ರಮವನ್ನು ತಿರುಗಿಸಿ ಪಾಠ ಆರಂಭಿಸಬಹುದು.