ಅಂಶ ನೋಡಿದರೆ ಸಾಲದು, ಛೇದವನ್ನೂ ನೋಡೋಣ

ಚಲಾವಣೆಯ ನಗದು ಮತ್ತು ಜಿಡಿಪಿಯ ಅನುಪಾತವನ್ನು ಜನರ ‘ನಗದು ಮೋಹ’ದ ಅಳತೆಗೋಲು ಅಂತ ಓದ್ತೇವೆ. ಈ ಓದು ಸಾಲದು ಎಂಬುದು ನನ್ನ ವಾದ. ಮಾರ್ಚ್ 31ರ ಒಂದು ದಿನದ ನೋಟನ್ನು ಇಡೀ ವರ್ಷದ ಉತ್ಪನ್ನದಿಂದ ಭಾಗಿಸುವ ಲೆಕ್ಕ ಇದು. 2016ರಲ್ಲಿ ಸುಮಾರು ಶೇ. 12 ಇದ್ದದ್ದು 2017ರಲ್ಲಿ ಶೇ. 9ಕ್ಕಿಂತ ಕೆಳಗಿಳಿಯಿತು. ಅದು ಜನರ ಆಯ್ಕೆಯಲ್ಲ; ರದ್ದಾದಷ್ಟು ನೋಟು ಇನ್ನೂ ಮತ್ತೆ ಚಲಾವಣೆಗೆ ಬಂದಿರಲಿಲ್ಲ, ಅಷ್ಟೆ. 2021ರಲ್ಲಿ ಶೇ. 14 ದಾಟಿತು. ಕೊರೋನಾ ಭಯಕ್ಕೆ ಜನ ನಗದು ಕೂಡಿಟ್ಟದ್ದು ನಿಜ. ಜೊತೆಗೆ ಜಿಡಿಪಿಯೂ ಕುಗ್ಗಿತ್ತಲ್ಲ! ಅಂಶ ಹಿಗ್ಗಿ ಛೇದ ತಗ್ಗಿದರೆ ಅನುಪಾತ ಏರಲೇಬೇಕು. ಇನ್ನು, ಇದು ದೇಶದ ಲೆಕ್ಕ. ಕಾಸರಗೋಡಿನಲ್ಲಿ ಕೈಸೇರಿದ ನೋಟು ಮಂಗಳೂರಿನಲ್ಲಿ ಖರ್ಚಾಗ್ತದೆ; ತಲಪಾಡಿಯಲ್ಲಿ ಅದನ್ನು ಎಣಿಸುವವರಿಲ್ಲ. ಆದ್ದರಿಂದ ಈ ಅಂಕಿಯಿಂದ ನಮ್ಮ ಗಡಿಜಿಲ್ಲೆಯ ಬಗ್ಗೆ ತೀರ್ಪು ಕೊಡುವುದು ಸಲ್ಲದು.