ಕ್ಷಮಿಸುವ ಹಕ್ಕು ಯಾರದು? ಸೂಪರ್‌ಹೀರೊ ಚಿತ್ರಗಳಲ್ಲಿ ತಪ್ಪು, ಹೊಣೆ ಮತ್ತು ನಂಬಿಕೆ

1938ರಲ್ಲಿ ಕಾಮಿಕ್ ಪುಸ್ತಕದ ಪುಟಗಳಲ್ಲಿ ಕಾಣಿಸಿಕೊಂಡ ಸೂಪರ್‌ಮ್ಯಾನ್‌ನಿಗೆ ತನ್ನ ಶಕ್ತಿಯ ಬಗ್ಗೆ ಪಶ್ಚಾತ್ತಾಪಪಡುವ ಕಾರಣವೇನೂ ಇರಲಿಲ್ಲ. ಅಪರಾಧಪ್ರಜ್ಞೆ ಈ ಕಥನಪರಂಪರೆಯಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು 1962ರಲ್ಲಿ, ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸ್ಪೈಡರ್‌ಮ್ಯಾನ್‌ನನ್ನು ಸೃಷ್ಟಿಸಿದಾಗ. ಎದುರಿನಲ್ಲೇ ಓಡಿಹೋಗುತ್ತಿದ್ದ ಕಳ್ಳನನ್ನು ತಡೆಯುವ ಶಕ್ತಿಯಿದ್ದೂ ತನಗೇಕೆಂದು ಬಿಟ್ಟುಬಿಡುವ ಪೀಟರ್ ಪಾರ್ಕರ್, ಮುಂದೆ ಅದೇ ಕಳ್ಳನ ಕೈಯಲ್ಲಿ ತನ್ನನ್ನು ಸಾಕಿ ಬೆಳೆಸಿದ ಬೆನ್ ಪಾರ್ಕರ್‌ನನ್ನು ಕಳೆದುಕೊಳ್ಳುತ್ತಾನೆ, ಮತ್ತು ಅವನ ಆಮೇಲಿನ ಸಾಹಸಗಳೆಲ್ಲವೂ ಆ ಒಂದು ಉದಾಸೀನಕ್ಕೆ ತೆರುವ ದಂಡವಾಗುತ್ತವೆ. ಹಾಲಿವುಡ್ಡಿನ ಸೂಪರ್‌ಹೀರೊ ಚಿತ್ರಗಳನ್ನು ಹೊಡೆದಾಟ ಮತ್ತು ಗ್ರಾಫಿಕ್ಸ್‌ಗಳ ಲೆಕ್ಕದಲ್ಲಷ್ಟೇ ಅಳೆಯುವವರು ಗಮನಿಸದೆ ಹೋಗುವ ಸಂಗತಿಯೆಂದರೆ, ಈ ಪರಂಪರೆಯ ಮುಖ್ಯ ಕೃತಿಗಳ ನಾಟಕೀಯತೆ ನಿಂತಿರುವುದು ಯಾರು ಯಾರಿಗೆ ಏನು ಮಾಡಿದರು, ಅದರ ಹೊಣೆ ಯಾರದು, ಮುರಿದ ಸಂಬಂಧ ಮತ್ತೆ ಕೂಡೀತೇ ಎಂಬ ಪ್ರಶ್ನೆಗಳ ಮೇಲೆ. ದೂಷಣೆಯನ್ನು ಚಿತ್ರಿಸುವಲ್ಲಿ ಈ ಚಿತ್ರಗಳು ಪ್ರೌಢವಾಗಿವೆ. ಆದರೆ ಕ್ಷಮೆಯನ್ನು ಅವು ಬಹುಪಾಲು ನಾಯಕರ ಒಳಬಳಗದ ವ್ಯವಹಾರವಾಗಿ ಮುಗಿಸಿಬಿಡುತ್ತವೆ, ಮತ್ತು ನಿಜವಾಗಿ ನೊಂದವರು, ಅಂದರೆ ಕ್ಷಮಿಸುವ ಅಥವಾ ಕ್ಷಮಿಸದಿರುವ ಹಕ್ಕುಳ್ಳವರು, ಕಥೆಯ ಹೊರಗೇ ಉಳಿಯುತ್ತಾರೆ.

ಇಲ್ಲಿ ಎರಡು ವಿಚಾರಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಇಂಗ್ಲೆಂಡಿನ ತತ್ತ್ವಜ್ಞ ಪಿ. ಎಫ್. ಸ್ಟ್ರಾಸನ್, ಸ್ಪೈಡರ್‌ಮ್ಯಾನ್ ಹುಟ್ಟಿದ 1962ರಲ್ಲೇ, ಸ್ವಾತಂತ್ರ್ಯ ಮತ್ತು ಅಸಮಾಧಾನಗಳ ಕುರಿತು ಬರೆದ ಪ್ರಬಂಧದಲ್ಲಿ, ನಮಗೆ ಕೆಡುಕು ಮಾಡಿದವರ ಮೇಲೆ ನಾವು ಸಿಟ್ಟಾಗುವುದು ಅವರನ್ನು ನಮ್ಮಂತೆಯೇ ಹೊಣೆ ಹೊರಬಲ್ಲ ಮನುಷ್ಯರೆಂದು ಎಣಿಸುವುದರಿಂದ ಎಂದು ವಾದಿಸಿದ; ಮಾಡಿದವನು ಸ್ವಬುದ್ಧಿಯಲ್ಲಿರಲಿಲ್ಲವೆಂದು ತಿಳಿದಾಗ ನಮ್ಮ ಸಿಟ್ಟು ಹಿಂಜರಿದು, ಅವನನ್ನು ಒಂದು ರೋಗವನ್ನೋ ಅಪಘಾತವನ್ನೋ ನೋಡುವಂತೆ ದೂರದಿಂದ ನೋಡತೊಡಗುತ್ತೇವೆ ಎಂಬುದು ಅವನ ವಿವರಣೆ. ಹಾನಾ ಅರೆಂಟ್ 1958ರಲ್ಲಿ ಪ್ರಕಟಿಸಿದ, ಮಾನವ ಸ್ಥಿತಿಯನ್ನು ಕುರಿತ ತನ್ನ ಗ್ರಂಥದಲ್ಲಿ ಕ್ಷಮೆ ಮತ್ತು ವಚನ ಎರಡನ್ನೂ ಜೊತೆಗಿಟ್ಟು ನೋಡುತ್ತಾಳೆ: ಮಾಡಿದ್ದನ್ನು ಮಾಡದಂತಾಗಿಸಲು ಬಾರದ ಲೋಕದಲ್ಲಿ ಹಿಂದಿನದರ ಬಿಗಿಹಿಡಿತದಿಂದ ಬಿಡಿಸುವುದು ಕ್ಷಮೆ, ನಾಳೆ ಏನಾದೀತೆಂದು ಹೇಳಲಾಗದ ಲೋಕದಲ್ಲಿ ಒಂದಿಷ್ಟು ಭರವಸೆಯನ್ನು ಕೊಡುವುದು ವಚನ. ಈ ಬೆಳಕಿನಲ್ಲಿ ನೋಡಿದರೆ ನಂಬಿಕೆಯ ಮರುನಿರ್ಮಾಣವೆಂಬುದು ಕ್ಷಮೆಯ ಸಹಜ ಫಲವಲ್ಲ. ಅದು ಕೊಟ್ಟ ಮಾತನ್ನು ಮತ್ತೆ ಮತ್ತೆ ಉಳಿಸಿಕೊಳ್ಳುವುದರಿಂದ ಮಾತ್ರ ಸಾಧ್ಯವಾಗುವ, ಕಾಲ ಬೇಡುವ, ಬೇರೆಯದೇ ಆದ ಕೆಲಸ.

ರೂಸೊ ಸಹೋದರರು ನಿರ್ದೇಶಿಸಿದ ‘ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್’ (2016) ಈ ಎಲ್ಲ ಎಳೆಗಳನ್ನೂ ಒಂದೆಡೆ ಬಿಗಿದಿರುವುದರಿಂದ ಅದನ್ನು ನಿಧಾನವಾಗಿ ನೋಡಬೇಕು. ಚಿತ್ರದ ಕೊನೆಯ ಭಾಗದಲ್ಲಿ, ಸೈಬೀರಿಯಾದ ಹಳೆಯ ಸೇನಾನೆಲೆಯೊಂದರಲ್ಲಿ, ನಾಯಕರಲ್ಲೊಬ್ಬನಾದ ಟೋನಿ ಸ್ಟಾರ್ಕ್‌ನಿಗೆ 1991ರ ಡಿಸೆಂಬರ್ 16ರ ರಾತ್ರಿಯ ಒಂದು ವಿಡಿಯೊ ತೋರಿಸಲಾಗುತ್ತದೆ. ಅವನ ತಂದೆತಾಯಿ ಸತ್ತದ್ದು ರಸ್ತೆ ಅಪಘಾತದಲ್ಲಿ ಅಲ್ಲ, ಅವರನ್ನು ಕೊಂದದ್ದು ಹೈಡ್ರಾ ಎಂಬ ಗುಪ್ತಕೂಟದ ಹಿಡಿತದಲ್ಲಿದ್ದ ಬಕಿ ಬಾರ್ನ್ಸ್ ಎಂಬುದು ಅದರಿಂದ ಬಯಲಾಗುತ್ತದೆ. ಬಕಿಯ ಮನಸ್ಸು ಆಗ ಅವನದಾಗಿರಲಿಲ್ಲವೆಂಬುದು ಪ್ರೇಕ್ಷಕನಿಗೂ ಗೊತ್ತು, ಟೋನಿಗೂ ಗೊತ್ತು. ಸ್ಟ್ರಾಸನ್ ಹೇಳುವ ಪ್ರಕಾರ ಇಲ್ಲಿ ಸಿಟ್ಟು ಹಿಂಜರಿಯಬೇಕಿತ್ತು, ಆದರೆ ಹಿಂಜರಿಯುವುದಿಲ್ಲ. ನೀನು ಕೊಂದವರ ನೆನಪಾದರೂ ಇದೆಯೇ ಎಂದು ಟೋನಿ ಕೇಳಿದಾಗ, ಕೊಂದ ಎಲ್ಲರೂ ತನಗೆ ನೆನಪಿದ್ದಾರೆಂದು ಬಕಿ ಹೇಳುವ ಉತ್ತರ ಅವನನ್ನು ಬರಿಯ ಆಯುಧದ ಸ್ಥಾನದಿಂದ ಮತ್ತೆ ಮನುಷ್ಯನ ಸ್ಥಾನಕ್ಕೆ ತರುತ್ತದೆ, ಮತ್ತು ಮನುಷ್ಯನಾದ ಕೂಡಲೇ ಅವನು ದೂಷಣೆಗೂ ಪಾತ್ರನಾಗುತ್ತಾನೆ. ಇಡೀ ಪರಂಪರೆಯಲ್ಲಿ ಇಷ್ಟು ಸೂಕ್ಷ್ಮವಾದ ಮಾತಿನ ವಿನಿಮಯಗಳು ಹೆಚ್ಚಿಲ್ಲ.

ಆದರೆ ಆ ದೃಶ್ಯದ ನಿಜವಾದ ಗಾಯ ಕೊಲೆಯದಲ್ಲ, ಮುಚ್ಚಿಟ್ಟದ್ದರದು. ಸ್ಟಾರ್ಕ್ ದಂಪತಿಗಳ ಸಾವಿನ ಹಿಂದೆ ಹೈಡ್ರಾ ಇತ್ತೆಂಬುದು ಕ್ಯಾಪ್ಟನ್ ಅಮೆರಿಕನಾದ ಸ್ಟೀವ್ ರೋಜರ್ಸ್‌ನಿಗೆ ಮೊದಲೇ ತಿಳಿದಿತ್ತು. ನಿನಗೆ ಗೊತ್ತಿತ್ತೇ ಎಂದು ಟೋನಿ ಕೇಳಿದಾಗ ಅವನು ಮೊದಲು ಪ್ರಶ್ನೆಯಿಂದ ನುಣುಚಿಕೊಳ್ಳುವಂತೆ, ಮಾಡಿದವನು ತನ್ನ ಗೆಳೆಯ ಬಕಿಯೆಂದು ತಿಳಿದಿರಲಿಲ್ಲ ಎನ್ನುತ್ತಾನೆ, ಎರಡನೆಯ ಬಾರಿ ಒತ್ತಿ ಕೇಳಿದಾಗಷ್ಟೇ ಹೌದೆನ್ನುತ್ತಾನೆ. ಸುಳ್ಳಾಡದವನೆಂದೇ ಹೆಸರಾದ ಪಾತ್ರವೊಂದು ಅರ್ಧಸತ್ಯದ ಮರೆ ಹಿಡಿಯುವ ಆ ಕ್ಷಣವೇ ಚಿತ್ರದ ತಿರುವು. ಕೊನೆಯಲ್ಲಿ ಅವನು ಬರೆಯುವ ಪತ್ರ, ಟೋನಿಯನ್ನು ನೋವಿನಿಂದ ಕಾಪಾಡುತ್ತಿದ್ದೇನೆಂದು ಭಾವಿಸಿ ವಾಸ್ತವದಲ್ಲಿ ತನ್ನನ್ನೇ ಕಾಪಾಡಿಕೊಂಡೆನೆಂಬ ತಪ್ಪೊಪ್ಪಿಗೆ, ಅದರೊಂದಿಗೆ ಬೇಕಾದಾಗ ಕರೆಯಲೆಂದು ಕಳಿಸಿದ ಮಡಚುವ ಫೋನು, ಇವು ತಪ್ಪೊಪ್ಪಿಗೆ ಹೇಗಿರಬೇಕೆಂಬುದಕ್ಕೆ ಒಳ್ಳೆಯ ಮಾದರಿ: ಪತ್ರವು ತಪ್ಪನ್ನು ಹೆಸರಿಟ್ಟು ಹೇಳುತ್ತದೆ, ಕ್ಷಮೆಯನ್ನು ಕಡ್ಡಾಯ ಮಾಡುವುದಿಲ್ಲ, ನಿರ್ಧಾರವನ್ನು ನೊಂದವನ ಕೈಗೇ ಬಿಡುತ್ತದೆ.

ಅಷ್ಟು ಚೆನ್ನಾಗಿ ಕಟ್ಟಿದ ಜಗಳವನ್ನು ಮುಂದಿನ ಎರಡು ಚಿತ್ರಗಳು ಬಗೆಹರಿಸಿದ ರೀತಿ ಮಾತ್ರ ಅದೇ ಮಟ್ಟದ್ದಲ್ಲ. ‘ಇನ್ಫಿನಿಟಿ ವಾರ್’ನಲ್ಲಿ (2018) ಟೋನಿ ಫೋನನ್ನು ಕೈಗೆತ್ತಿಕೊಂಡು ಇನ್ನೇನು ಕರೆಯಬೇಕೆನ್ನುವಷ್ಟರಲ್ಲಿ ನಗರದ ಮೇಲೆ ಅನ್ಯಗ್ರಹದ ನೌಕೆ ಬಂದಿಳಿಯುತ್ತದೆ, ಕರೆ ಮಾಡುವ ಕೆಲಸ ಬ್ರೂಸ್ ಬ್ಯಾನರ್‌ನ ಪಾಲಾಗುತ್ತದೆ, ಚಿತ್ರದುದ್ದಕ್ಕೂ ಇಬ್ಬರು ಗೆಳೆಯರು ಮುಖಾಮುಖಿಯಾಗುವುದೇ ಇಲ್ಲ. ‘ಎಂಡ್‌ಗೇಮ್’ನ (2019) ಆರಂಭದಲ್ಲಿ, ಬಾಹ್ಯಾಕಾಶದಿಂದ ಬಸವಳಿದು ಮರಳಿದ ಟೋನಿ ಎದೆಯ ಯಂತ್ರವನ್ನು ಕಿತ್ತು ಸ್ಟೀವ್‌ನ ಅಂಗೈಯಲ್ಲಿಟ್ಟು ಅವನನ್ನು ಸುಳ್ಳುಗಾರನೆಂದು ಕರೆದು ಕುಸಿಯುವ ದೃಶ್ಯ ತುಂಬ ತೀವ್ರವಾದದ್ದು, ಆದರೆ ಅದರ ಬೆನ್ನಲ್ಲೇ ಕಥೆ ಐದು ವರ್ಷ ಮುಂದಕ್ಕೆ ಜಿಗಿಯುತ್ತದೆ, ಆ ಐದು ವರ್ಷಗಳಲ್ಲಿ ಆ ಕಹಿ ಹೇಗೆ ಕರಗಿತು, ಕರಗಿಸಲು ಯಾರು ಏನು ಮಾಡಿದರು ಎಂಬುದು ತೆರೆಯ ಮೇಲೆ ಬರುವುದಿಲ್ಲ. ಟೋನಿ ಕಾರಿನ ಡಿಕ್ಕಿಯಿಂದ ಸ್ಟೀವ್‌ನ ಗುರಾಣಿಯನ್ನು ತೆಗೆದು ಹಿಂದಿರುಗಿಸುವ ಹೊತ್ತಿಗೆ ಕ್ಷಮೆ ಆಗಲೇ ಮುಗಿದುಹೋಗಿರುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಆ ದೃಶ್ಯದಲ್ಲಿ ಒಂದು ಗಟ್ಟಿ ಅಂಶವಿದೆ: ಹಿಂದಿನ ಚಿತ್ರದಲ್ಲಿ ಕಳೆದುಹೋದವರನ್ನು ಮರಳಿ ತರುವುದಕ್ಕೆ ಒಪ್ಪುವ ಟೋನಿ, ಈ ನಡುವೆ ತನಗೆ ದಕ್ಕಿದ ಸಂಸಾರವನ್ನು ಮಾತ್ರ ಯಾವ ಕಾರಣಕ್ಕೂ ಬಿಟ್ಟುಕೊಡೆನೆಂದು ಮೊದಲೇ ಷರತ್ತು ಹೇಳುತ್ತಾನೆ, ಸ್ಟೀವ್ ಅದನ್ನು ಒಪ್ಪುತ್ತಾನೆ. ಅರೆಂಟ್ ಹೇಳಿದ ವಚನವೆಂಬುದು ಇದೇ; ಹೊಸ ನಂಬಿಕೆ ಹಳೆಯ ಸ್ನೇಹದ ನೆನಪಿನ ಮೇಲಲ್ಲ, ಬಾಯಿಬಿಟ್ಟು ಹೇಳಿದ ಒಂದು ಷರತ್ತಿನ ಮೇಲೆ ನಿಲ್ಲುತ್ತದೆ. ದುಃಖದ ಸಂಗತಿಯೆಂದರೆ ಬಕಿ ಮತ್ತು ಟೋನಿ ಮತ್ತೆಂದೂ ಮಾತನಾಡುವುದಿಲ್ಲ. ಚಿತ್ರದ ಕೊನೆಯಲ್ಲಿ ಟೋನಿಯ ಅಂತ್ಯಕ್ರಿಯೆಗೆ ಬಕಿ ಬಂದು ನಿಂತಿರುವುದನ್ನು ಕ್ಯಾಮೆರಾ ಒಮ್ಮೆ ಹಾದುಹೋಗುತ್ತದೆ, ಅಷ್ಟೆ.

ಈ ಅವಸರಕ್ಕೆ ಉದ್ಯಮದ ಕಾರಣವೂ ಇದೆ. ಒಂದಕ್ಕೊಂದು ಹೆಣೆದುಕೊಂಡ ಚಿತ್ರಸರಣಿಯಲ್ಲಿ ನಾಯಕರ ಜಗಳವೂ ಮಾರಾಟದ ಸರಕು, ಅವರ ಮರುಮಿಲನವೂ ಮಾರಾಟದ ಸರಕು. ಯಾವ ಚಿತ್ರದಲ್ಲಿ ಒಡೆಯಬೇಕು, ಯಾವುದರಲ್ಲಿ ಕೂಡಬೇಕು ಎಂಬುದು ಬಿಡುಗಡೆಯ ದಿನಾಂಕಗಳೊಂದಿಗೇ ನಿಗದಿಯಾಗುವಾಗ, ಕ್ಷಮೆ ಪಾತ್ರದ ಒಳಗಿನಿಂದ ಮಾಗಿ ಬರಲು ಎಡೆಯೇ ಇರುವುದಿಲ್ಲ. ಆದ್ದರಿಂದಲೇ ಸಮಾನ ಶತ್ರುವೆಂಬ ಸಲಕರಣೆ ಮತ್ತೆ ಮತ್ತೆ ಬಳಕೆಯಾಗುತ್ತದೆ, ಅಂದರೆ ಇಬ್ಬರಿಗೂ ಅಪಾಯ ತರುವ ಮೂರನೆಯವನೊಬ್ಬನನ್ನು ಮುಂದೆ ತಂದು ಇಬ್ಬರ ನಡುವಿನ ಲೆಕ್ಕವನ್ನು ಬಾಕಿ ಇಟ್ಟೇ ಅವರನ್ನು ಒಂದುಗೂಡಿಸುವುದು. 2016ರಲ್ಲೇ ಬಂದ ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ನಲ್ಲಿ ಇಬ್ಬರ ತಾಯಂದಿರ ಹೆಸರೂ ಮಾರ್ಥಾ ಎಂಬ ಆಕಸ್ಮಿಕದಿಂದ ಕೊಲ್ಲಹೊರಟವನು ಒಂದೇ ನಿಮಿಷದಲ್ಲಿ ಮಿತ್ರನಾಗುತ್ತಾನೆ, ಆ ದೃಶ್ಯವನ್ನು ಸಮರ್ಥಿಸುವುದು ಕಷ್ಟ. ಇದಕ್ಕೆ ಒಂಬತ್ತು ವರ್ಷ ಮುಂಚೆಯೇ ಸ್ಯಾಮ್ ರೈಮಿಯ ‘ಸ್ಪೈಡರ್‌ಮ್ಯಾನ್ 3’, ಬೇರೆಲ್ಲ ದೋಷಗಳಿದ್ದರೂ, ಆ ಚಿತ್ರದ ಕಥೆಯಂತೆ ಬೆನ್‌ನನ್ನು ಕೊಂದ ಫ್ಲಿಂಟ್ ಮಾರ್ಕೊ ಕ್ಷಮೆ ಬೇಡದೆ ನಡೆದದ್ದನ್ನು ಹೇಳಿಕೊಳ್ಳುವುದನ್ನೂ, ತಾನೂ ಕೆಡುಕು ಮಾಡಿದವನೆಂದು ಅರಿತ ಪೀಟರ್ ಅವನನ್ನು ಕ್ಷಮಿಸುವುದನ್ನೂ ಪೂರ್ತಿಯಾಗಿ ಕೇಳಿಸಿತ್ತು.

ಇನ್ನು ನೊಂದವರ ಮಾತು. ‘ಸಿವಿಲ್ ವಾರ್’ನ ಆರಂಭದಲ್ಲಿ ಮಿರಿಯಮ್ ಶಾರ್ಪ್ ಎಂಬ ತಾಯಿ ಟೋನಿಯನ್ನು ತಡೆದು, ಸೊಕೋವಿಯಾ ಎಂಬ ದೇಶದ ಕಾಳಗದಲ್ಲಿ ಸತ್ತ ತನ್ನ ಮಗನ ಚಿತ್ರವನ್ನು ಅವನ ಎದೆಗೊತ್ತಿ, ಇದಕ್ಕೆ ನೀನೇ ಹೊಣೆ ಎನ್ನುತ್ತಾಳೆ. ಚಾರ್ಲಿ ಸ್ಪೆನ್ಸರ್ ಎಂಬ ಆ ಹುಡುಗ ಕಂಪ್ಯೂಟರ್ ಎಂಜಿನಿಯರಿಂಗ್ ಓದಿ, ನೌಕರಿಗೆ ಸೇರುವ ಮುನ್ನ ಬಡವರಿಗೆ ಮನೆ ಕಟ್ಟಿಕೊಡಲು ಅಲ್ಲಿಗೆ ಹೋಗಿದ್ದವನು. ಆಕೆಯ ಆರೋಪದಲ್ಲಿ ಹುರುಳಿದೆ, ಏಕೆಂದರೆ ಆ ಕಾಳಗಕ್ಕೆ ಕಾರಣವಾದ ಅಲ್ಟ್ರಾನ್ ಎಂಬ ಯಂತ್ರಬುದ್ಧಿಯನ್ನು ರೂಪಿಸಿದವನು ಟೋನಿಯೇ. ಅವನು ಮಾಡುವುದೇನು? ಆ ಚಿತ್ರವನ್ನು ಸಹೋದ್ಯೋಗಿಗಳ ಮುಂದಿಟ್ಟು, ನಾಯಕರನ್ನು ನಿಯಂತ್ರಿಸಲು 117 ದೇಶಗಳು ಒಪ್ಪಿದ ಒಡಂಬಡಿಕೆಗೆ ಎಲ್ಲರೂ ಸಹಿ ಹಾಕಬೇಕೆಂದು ವಾದಿಸುತ್ತಾನೆ. ಒಬ್ಬನ ತಪ್ಪು ಎಲ್ಲರಿಗೂ ಅನ್ವಯಿಸುವ ಕಾನೂನಾಗಿ ರೂಪಾಂತರಗೊಳ್ಳುತ್ತದೆ, ಆ ತಾಯಿಯ ಮನೆಬಾಗಿಲಿಗೆ ಹೋಗುವ ಪ್ರಸಂಗ ಬರುವುದೇ ಇಲ್ಲ. ಅದೇ ಸೊಕೋವಿಯಾದಲ್ಲಿ ತಂದೆ, ಹೆಂಡತಿ, ಮಗನನ್ನು ಕಳೆದುಕೊಂಡ ಜೀಮೊ ಖಳನಾಗುತ್ತಾನೆ. ಬಾಲ್ಯದಲ್ಲಿ ಸ್ಟಾರ್ಕ್ ಕಂಪನಿಯ ಶೆಲ್ ಸಿಡಿದು ಹೆತ್ತವರನ್ನು ಕಳೆದುಕೊಂಡ ವಾಂಡಾ, ಟೋನಿಯ ತಂಡವನ್ನೇ ಸೇರಿದರೂ, ಆ ಶೆಲ್ಲಿನ ಬಗ್ಗೆ ಅವನಿಂದ ಕ್ಷಮಾಪಣೆಯ ಒಂದು ಮಾತನ್ನೂ ಚಿತ್ರಗಳು ಆಕೆಗೆ ಕೇಳಿಸುವುದಿಲ್ಲ. ಮುಂದೆ ‘ವಾಂಡಾವಿಷನ್’ ಧಾರಾವಾಹಿಯಲ್ಲಿ (2021) ಆಕೆಯೇ ದುಃಖದ ಭರದಲ್ಲಿ ವೆಸ್ಟ್‌ವ್ಯೂ ಎಂಬ ಊರಿಗೆ ಊರನ್ನೇ ಸೆರೆಹಿಡಿದು ಆ ಜನರ ಮನಸ್ಸುಗಳನ್ನು ಹಿಂಸಿಸಿದಾಗ, ಕೊನೆಗೆ ಆಕೆ ಅವರ ದಿಟ್ಟಿಸುವ ಕಣ್ಣುಗಳನ್ನು ಹಾದುಹೋಗುತ್ತಾಳೆ, ಸಮಾಧಾನದ ಮಾತು ಸಿಗುವುದು ಮಾತ್ರ ನೊಂದವರಿಗಲ್ಲ, ಆಕೆಗೆ. ನೋವುಂಡವರು ಶಕ್ತಿವಂತರಾಗಿದ್ದರೆ ಖಳರಾಗುತ್ತಾರೆ, ಶಕ್ತಿಹೀನರಾಗಿದ್ದರೆ ಮರೆಯಾಗುತ್ತಾರೆ. ಈ ಪರಂಪರೆಯ ಅತಿ ದೊಡ್ಡ ನೈತಿಕ ಕೊರತೆ ಇದು.

ರಯಾನ್ ಕೂಗ್ಲರ್ ನಿರ್ದೇಶನದ ‘ಬ್ಲ್ಯಾಕ್ ಪ್ಯಾಂಥರ್’ (2018) ಈ ಮಾತಿಗೆ ಅಪವಾದ. ತನ್ನ ತಂದೆ 1992ರಲ್ಲಿ ಓಕ್‌ಲ್ಯಾಂಡ್‌ನಲ್ಲಿ ಸ್ವಂತ ತಮ್ಮನನ್ನೇ ಕೊಂದು, ಅವನ ಮಗನನ್ನು ಅನಾಥನಾಗಿ ಅಲ್ಲೇ ಬಿಟ್ಟುಬಂದದ್ದನ್ನು ತಿಳಿದ ಟಿಚಾಲಾ, ಸತ್ತ ಹಿರಿಯರ ಲೋಕದಲ್ಲಿ ತಂದೆಯನ್ನಷ್ಟೇ ಅಲ್ಲ, ಲೋಕಕ್ಕೆ ಬೆನ್ನು ತಿರುಗಿಸಿ ಕುಳಿತ ಪೂರ್ವಜರೆಲ್ಲರನ್ನೂ ತಪ್ಪಿತಸ್ಥರೆಂದು ಹೇಳುತ್ತಾನೆ. ಆ ಅನಾಥ ಕಿಲ್‌ಮಾಂಗರ್ ಚಿಕಿತ್ಸೆಯನ್ನು ನಿರಾಕರಿಸಿ ಸಾವನ್ನು ಆರಿಸಿಕೊಳ್ಳುವುದರಿಂದ ಕ್ಷಮೆಗೆ ಅವಕಾಶವೇ ಉಳಿಯುವುದಿಲ್ಲ, ಉಳಿಯುವುದು ಪರಿಹಾರವೊಂದೇ. ಕೊಲೆ ನಡೆದ ಕಟ್ಟಡವನ್ನೂ ಅದರ ಸುತ್ತಲಿನವನ್ನೂ ಕೊಂಡು ಅಲ್ಲಿನ ಜನರಿಗಾಗಿ ಕೇಂದ್ರವೊಂದನ್ನು ತೆರೆಯುವ ಟಿಚಾಲಾನ ನಿರ್ಧಾರದಲ್ಲಿ ಹೊಣೆಯೆಂಬುದು ಭಾವನೆಯ ಮಟ್ಟದಿಂದ ಇಳಿದು ಜಾಗ, ಹಣ, ಕೆಲಸಗಳ ರೂಪ ಪಡೆಯುತ್ತದೆ.

ನೆಬ್ಯುಲಾ ಮತ್ತು ಗಮೋರಾ ಎಂಬ ಸಾಕುಸಹೋದರಿಯರ ಕಥೆ ಇನ್ನೊಂದು ಒಳ್ಳೆಯ ಉದಾಹರಣೆ. ಇಬ್ಬರನ್ನೂ ಕಾದಾಡಿಸಿ, ಸೋತ ಪ್ರತಿಸಲವೂ ನೆಬ್ಯುಲಾಳ ದೇಹದ ಒಂದು ಭಾಗವನ್ನು ಕಿತ್ತು ಯಂತ್ರವನ್ನು ಜೋಡಿಸಿದವನು ಸಾಕುತಂದೆ ಥಾನೋಸ್. ಆದರೂ ಜೇಮ್ಸ್ ಗನ್‌ನ ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ 2’ರಲ್ಲಿ (2017) ಗಮೋರಾ ತಪ್ಪೆಲ್ಲವೂ ಅವನದೆಂದು ಹೇಳಿ ಕೈತೊಳೆದುಕೊಳ್ಳದೆ, ತಾನೂ ಮಗುವಾಗಿದ್ದೆ, ಬದುಕಿ ಉಳಿಯುವುದನ್ನಷ್ಟೇ ಯೋಚಿಸಿ ನಿನ್ನ ಪಾಡನ್ನು ಕಾಣದಾದೆ ಎಂದು ಒಪ್ಪಿಕೊಳ್ಳುತ್ತಾಳೆ. ಅಪ್ಪುಗೆಗೆ ನೆಬ್ಯುಲಾ ತಡವಾಗಿ, ಅರೆಮನಸ್ಸಿನಿಂದ ಕೈ ಎತ್ತುವುದನ್ನು ಕ್ಯಾಮೆರಾ ಅವಸರವಿಲ್ಲದೆ ಹಿಡಿಯುತ್ತದೆ. ನಂಬಿಕೆ ಮರಳುವ ಗತಿಯೇ ಅಂಥದ್ದು. 2023ರ ಮೂರನೆಯ ಭಾಗ ಇನ್ನೂ ಧೈರ್ಯದ್ದು. ಹಿಂದಿನ ಕಾಲದಿಂದ ಬಂದ, ಗಾರ್ಡಿಯನ್ಸ್ ತಂಡದ ನಾಯಕ ಪೀಟರ್ ಕ್ವಿಲ್‌ನೊಂದಿಗೆ ಬಾಳಿದ ನೆನಪೇ ಇಲ್ಲದ ಗಮೋರಾ ಅವನ ಬಳಿಗೆ ಮರಳಲೇಬೇಕೆಂದು ಚಿತ್ರ ಹಟ ಹಿಡಿಯುವುದಿಲ್ಲ, ಅವಳು ತನ್ನ ಬಳಗಕ್ಕೇ ಹಿಂದಿರುಗುತ್ತಾಳೆ.

ಇವೆಲ್ಲಕ್ಕಿಂತ ಹೆಚ್ಚು ಪರಿಪೂರ್ಣವಾದ ದೃಶ್ಯ ಇರುವುದು ಚಿತ್ರಮಂದಿರಕ್ಕೆ ಬಾರದೆ ಮನೆಯ ಪರದೆಯ ಮೇಲೇ ಮುಗಿದುಹೋದ ‘ದ ಫಾಲ್ಕನ್ ಆ್ಯಂಡ್ ದ ವಿಂಟರ್ ಸೋಲ್ಜರ್’ (2021) ಎಂಬ ಆರು ಕಂತುಗಳ ಧಾರಾವಾಹಿಯಲ್ಲಿ. ತಾನು ಅನ್ಯಾಯ ಮಾಡಿದವರ ಹೆಸರುಗಳನ್ನು ಕಿರುಪುಸ್ತಕದಲ್ಲಿ ಬರೆದುಕೊಂಡಿರುವ ಬಕಿ, ಯೋರಿ ಎಂಬ ಜಪಾನೀ ಮೂಲದ ಮುದುಕನೊಂದಿಗೆ ಊಟಕ್ಕೆ ಕೂಡುತ್ತಾನೆ. ಕೊಲೆಯೊಂದನ್ನು ಕಣ್ಣಾರೆ ಕಂಡ ತಪ್ಪಿಗೆ ಸತ್ತ ಯೋರಿಯ ಮಗನನ್ನು ಕೊಂದವನು ಬಕಿಯೇ ಎಂಬುದು ಮುದುಕನಿಗೆ ತಿಳಿಯದು. ಕ್ಷಮೆ ಕೇಳಿ ನಿನ್ನ ಮನಸ್ಸನ್ನು ಹಗುರ ಮಾಡಿಕೊಳ್ಳುವುದು ಬೇರೆ, ಅವರಿಗೆ ಬೇಕಾದದ್ದನ್ನು ಕೊಡುವುದು ಬೇರೆ ಎಂಬರ್ಥದ ಬುದ್ಧಿಮಾತನ್ನು ಗೆಳೆಯ ಸ್ಯಾಮ್ ಹೇಳಿದ ಮೇಲೆ, ಕೊನೆಯ ಕಂತಿನಲ್ಲಿ ಬಕಿ ಯೋರಿಯ ಮನೆಗೆ ಹೋಗಿ, ಮಗನ ಸಾವು ಅಪಘಾತವಲ್ಲ, ಕೊಂದವನು ತಾನು ಎಂದು ತಿಳಿಸುತ್ತಾನೆ. ಯಾಕೆ ಎಂದು ಮುದುಕ ಕೇಳಿದಾಗ, ತನಗೆ ಆಯ್ಕೆಯಿರಲಿಲ್ಲವೆಂಬ ಒಂದೇ ಉತ್ತರ ಅವನಲ್ಲಿದೆ. ಅದು ನಿಜ, ಆದರೆ ಆ ನಿಜದಿಂದ ತಂದೆಗೆ ಆಗುವ ಉಪಕಾರ ಬಹಳ ಕಡಿಮೆ. ಇಲ್ಲಿ ಬಂದು ಬೀಳುವ ಸಮಾನ ಶತ್ರುವಿಲ್ಲ, ಅಪ್ಪುಗೆಯಿಲ್ಲ, ಕ್ಷಮಿಸಿದೆನೆಂಬ ಮಾತು ಯೋರಿಯ ಬಾಯಿಂದ ಬರುವುದೂ ಇಲ್ಲ; ಸತ್ಯವನ್ನು ತಿಳಿಯುವ ಹಕ್ಕು ಮಾತ್ರ ಅದು ಯಾರಿಗೆ ಸಲ್ಲಬೇಕೋ ಅವರಿಗೆ ಸಂದಿದೆ. ಈ ಪರಂಪರೆಯಲ್ಲಿ ಕ್ಷಮೆಯ ಪ್ರಶ್ನೆಯನ್ನು ಅತ್ಯಂತ ಪ್ರಾಮಾಣಿಕವಾಗಿ ಎತ್ತಿಕೊಂಡ ಕೃತಿಭಾಗವೆಂದು ವಿಮರ್ಶೆ ಮನ್ನಿಸಬೇಕಾದದ್ದು ಸೈಬೀರಿಯಾದ ಕಾಳಗವನ್ನಲ್ಲ, ಎಂಡ್‌ಗೇಮ್‌ನ ಗುರಾಣಿಯನ್ನಲ್ಲ, ಈ ಕೆಲವು ನಿಮಿಷಗಳ ದೃಶ್ಯವನ್ನು.