ಕುರೇನ್ಯನ ಖಾನೇಷುಮಾರಿ: ಲೂಕನ ಸುವಾರ್ತೆಯಲ್ಲಿನ ಒಂದು ಕಾಲನಿರ್ಣಯ ಸಮಸ್ಯೆ

ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಯೇಸುವಿನ ಜನನವೃತ್ತಾಂತವು ಒಂದು ರಾಜಾಜ್ಞೆಯಿಂದ ಮೊದಲಾಗುತ್ತದೆ. ಔಗುಸ್ತ ಚಕ್ರವರ್ತಿಯು ಲೋಕದ ಜನರೆಲ್ಲರನ್ನೂ ಪಟ್ಟಿಗೆ ಸೇರಿಸುವಂತೆ ಆಜ್ಞಾಪಿಸಿದನೆಂದೂ, ಕುರೇನ್ಯನು ಸಿರಿಯದ ಅಧಿಪತಿಯಾಗಿದ್ದಾಗ ಅದು ನಡೆಯಿತೆಂದೂ, ದಾವೀದನ ವಂಶದವನಾದ ಯೋಸೇಫನು ಆ ಕಾರಣದಿಂದಲೇ ಗಲಿಲಾಯದ ನಜರೇತಿನಿಂದ ಯೂದಾಯದ ಬೇತ್ಲೆಹೇಮಿಗೆ ಹೋದನೆಂದೂ ಅಲ್ಲಿ ಹೇಳಿದೆ. ಈ ಮೂರು ಸಂಗತಿಗಳಲ್ಲಿ ಒಂದೊಂದರ ವಿಷಯದಲ್ಲಿಯೂ ಇತಿಹಾಸದ ಆಕ್ಷೇಪಗಳಿವೆ. ಅವುಗಳಿಗೆ ಸಮಾಧಾನ ಹೇಳಲು ಹೊರಟ ವ್ಯಾಖ್ಯಾನಗಳೂ ಹಲವಿವೆ. ಆ ವ್ಯಾಖ್ಯಾನಗಳ ಬಲಾಬಲವನ್ನು ಪರಿಶೀಲಿಸಿ, ಅವುಗಳಿಂದ ನಮ್ಮ ವಿದ್ಯಾರ್ಥಿಗಳು ಕಲಿಯಬೇಕಾದುದೇನೆಂಬುದನ್ನು ಸೂಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ರೋಮನರ ಪದ್ಧತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಗಣರಾಜ್ಯದ ಕಾಲದಲ್ಲಿ ಸೆನ್ಸಾರರೆಂಬ ಇಬ್ಬರು ಅಧಿಕಾರಿಗಳು, ಸಾಮಾನ್ಯವಾಗಿ ಐದು ವರ್ಷಗಳಿಗೊಮ್ಮೆ, ಪೌರರ ಗಣತಿಯನ್ನು ನಡೆಸುತ್ತಿದ್ದರು. ಕುಟುಂಬದ ಯಜಮಾನನು ತನ್ನ ಹೆಸರು, ವಯಸ್ಸು, ಮಕ್ಕಳು, ಆಸ್ತಿ ಇವುಗಳನ್ನು ಪ್ರಮಾಣಪೂರ್ವಕವಾಗಿ ತಿಳಿಸಬೇಕಾಗಿತ್ತು. ಸೈನ್ಯಸೇವೆ, ಮತದಾನದ ವರ್ಗ, ತೆರಿಗೆ ಈ ಮೂರೂ ಆ ಪಟ್ಟಿಯನ್ನೇ ಅವಲಂಬಿಸಿದ್ದವು. ಔಗುಸ್ತನು ತನ್ನ ಸಾಧನೆಗಳನ್ನು ನಿರೂಪಿಸಿ ಬರೆಸಿದ ಶಾಸನದಲ್ಲಿ ಇಂತಹ ಮೂರು ಗಣತಿಗಳ ಲೆಕ್ಕವಿದೆ: ಕ್ರಿ. ಪೂ. 28ರಲ್ಲಿ 40,63,000, ಕ್ರಿ. ಪೂ. 8ರಲ್ಲಿ 42,33,000, ಕ್ರಿ. ಶ. 14ರಲ್ಲಿ 49,37,000. ಇವು ರೋಮನ್ ಪೌರರ ಸಂಖ್ಯೆಗಳು. ಸಾಮ್ರಾಜ್ಯದ ಎಲ್ಲ ಪ್ರಜೆಗಳ ಸಂಖ್ಯೆಗಳಲ್ಲ. ನಜರೇತಿನ ಒಬ್ಬ ಬಡಗಿಗೆ ಈ ಗಣತಿಗಳಿಂದ ಯಾವ ಬಾಧ್ಯತೆಯೂ ಇರಲಿಲ್ಲ.

ಪ್ರಾಂತಗಳ ಗಣತಿಯಾದರೋ ಬೇರೆ ಬಗೆಯದು. ಅದರ ಮುಖ್ಯ ಪ್ರಯೋಜನ ಭೂಕಂದಾಯ ಮತ್ತು ತಲೆಗಂದಾಯಗಳ ನಿಷ್ಕರ್ಷೆ. ಗಾಲ್ ದೇಶದಲ್ಲಿ ಕ್ರಿ. ಪೂ. 27ರಲ್ಲಿಯೂ, ಮತ್ತೆ ಕ್ರಿ. ಪೂ. 12ರಲ್ಲಿ ಡ್ರೂಸಸನ ಕೈಕೆಳಗೂ ಇಂತಹ ಗಣತಿ ನಡೆಯಿತು. ಈಜಿಪ್ಟಿನಲ್ಲಿ ಹದಿನಾಲ್ಕು ವರ್ಷಗಳಿಗೊಮ್ಮೆ ಮನೆಮನೆಯ ಪಟ್ಟಿ ಬರೆಯುತ್ತಿದ್ದುದಕ್ಕೆ ಪಪೈರಸ್ ಹಾಳೆಗಳು ಸಾಕ್ಷಿಯಾಗಿವೆ. ಆದರೆ ಪ್ರಾಂತಗಳೆಲ್ಲಕ್ಕೂ ಏಕಕಾಲದಲ್ಲಿ ಅನ್ವಯಿಸುವ ಆಜ್ಞೆಯೊಂದನ್ನು ಔಗುಸ್ತನು ಹೊರಡಿಸಿದನೆಂಬುದಕ್ಕೆ ಲೂಕನ ಮಾತನ್ನು ಬಿಟ್ಟರೆ ಸಮಕಾಲೀನ ಆಧಾರವಿಲ್ಲ. ಬೇರೆಬೇರೆ ಕಾಲಗಳಲ್ಲಿ ನಡೆದ ಗಣತಿಗಳನ್ನು ಒಂದೇ ರಾಜನೀತಿಯ ಅಂಗಗಳೆಂದು ಲೂಕನು ಸಂಗ್ರಹಿಸಿ ಹೇಳಿರಬಹುದು. ಇಷ್ಟರಮಟ್ಟಿಗೆ ಆತನ ಮಾತು ಅತಿಶಯೋಕ್ತಿಯಾದರೂ ನಿರಾಧಾರವಲ್ಲ.

ನಿಜವಾದ ತೊಡಕು ಕಾಲದ್ದು. ಮತ್ತಾಯನ ಪ್ರಕಾರ ಯೇಸು ಹುಟ್ಟಿದುದು ಹೆರೋದ ಅರಸನ ಕಾಲದಲ್ಲಿ. ಲೂಕನ ಮೊದಲನೆಯ ಅಧ್ಯಾಯವೂ ತನ್ನ ಕಥನವನ್ನು ಹೆರೋದನ ಕಾಲದಲ್ಲಿಯೇ ಆರಂಭಿಸುತ್ತದೆ. ಹೆರೋದನು ಕ್ರಿ. ಪೂ. 4ರಲ್ಲಿ ತೀರಿಕೊಂಡನೆಂಬುದು ಬಹುಮಟ್ಟಿಗೆ ಸಮ್ಮತವಾದ ನಿರ್ಣಯ. ಯೆಹೂದ್ಯ ಇತಿಹಾಸಕಾರನಾದ ಜೋಸೀಫಸನಾದರೋ, ಹೆರೋದನ ಮಗ ಆರ್ಕೆಲಾಯನನ್ನು ಪದಚ್ಯುತಗೊಳಿಸಿ ಯೂದಾಯವನ್ನು ರೋಮಿನ ನೇರವಾದ ಆಳ್ವಿಕೆಗೆ ಒಳಪಡಿಸಿದಾಗ, ಎಂದರೆ ಕ್ರಿ. ಶ. 6ರಲ್ಲಿ, ಕುರೇನ್ಯನು ಬಂದು ಆಸ್ತಿಗಳ ಗಣತಿ ನಡೆಸಿದನೆಂದು ಸ್ಪಷ್ಟವಾಗಿ ಬರೆದಿದ್ದಾನೆ. ಎರಡು ಕಾಲಗಳ ನಡುವೆ ಸುಮಾರು ಹತ್ತು ವರ್ಷಗಳ ಅಂತರವಿದೆ. ಇದಲ್ಲದೆ ಆಗ ಗಲಿಲಾಯವು ಹೆರೋದ ಅಂತಿಪನ ಅಧೀನದಲ್ಲಿದ್ದುದರಿಂದ, ನಜರೇತಿನ ನಿವಾಸಿಯು ಯೂದಾಯದ ರೋಮನ್ ಗಣತಿಗೆ ಒಳಪಡಬೇಕಾದ ಕಾರಣವೂ ಸುಲಭವಾಗಿ ತೋರುವುದಿಲ್ಲ.

ಈ ಅಂತರವನ್ನು ಮುಚ್ಚಲು ಮಾಡಿದ ಪ್ರಯತ್ನಗಳಲ್ಲಿ ಸರ್ ವಿಲಿಯಂ ರಾಮ್ಸೆಯವರು 1898ರಲ್ಲಿ ಪ್ರಕಟಿಸಿದ ಗ್ರಂಥವು ಗಮನಾರ್ಹವಾದುದು. ಏಷ್ಯಾ ಮೈನರಿನ ಶಾಸನಗಳನ್ನೂ ಭೂಗೋಳವನ್ನೂ ಅವರಷ್ಟು ಬಲ್ಲವರು ವಿರಳ. ಈಜಿಪ್ಟಿನ ಹದಿನಾಲ್ಕು ವರ್ಷಗಳ ಆವರ್ತನೆಯನ್ನು ಅವರು ಸಿರಿಯಕ್ಕೂ ಅನ್ವಯಿಸಿ, ಕ್ರಿ. ಶ. 6ರ ಗಣತಿಗೆ ಹಿಂದೆ ಇನ್ನೊಂದು ಗಣತಿ ಇದ್ದಿತೆಂದೂ, ಆಗಲೂ ಕುರೇನ್ಯನಿಗೆ ಸಿರಿಯದಲ್ಲಿ ಅಧಿಕಾರವಿದ್ದಿತೆಂದೂ ವಾದಿಸಿದರು. ವಾದವು ಚತುರವಾದುದು, ಆದರೆ ಅದರ ಎರಡು ಕಂಬಗಳೂ ದುರ್ಬಲ. ಈಜಿಪ್ಟಿನ ಆವರ್ತನೆ ಸಿರಿಯದಲ್ಲಿಯೂ ಇದ್ದಿತೆಂಬುದಕ್ಕೆ ಪ್ರಮಾಣವಿಲ್ಲ. ಕುರೇನ್ಯನ ಮೊದಲ ಅಧಿಕಾರಕ್ಕೆ ಆಧಾರವಾಗಿ ತೋರಿಸುತ್ತಿದ್ದುದು 1764ರಲ್ಲಿ ತಿವೋಲಿಯ ಬಳಿ ದೊರೆತ ಒಂದು ತುಂಡು ಶಾಸನ. ಅದರಲ್ಲಿ ಸಿರಿಯದ ಹೆಸರಿದೆ, 'ಎರಡನೆಯ ಬಾರಿ' ಎಂಬರ್ಥದ ಶಬ್ದವಿದೆ; ಆದರೆ ಯಾರ ಶಾಸನವೋ ಆ ವ್ಯಕ್ತಿಯ ಹೆಸರೇ ಇಲ್ಲ. 'ಎರಡನೆಯ ಬಾರಿ' ಎಂಬುದು ಸಿರಿಯಕ್ಕೆ ಸಂಬಂಧಿಸಿದುದೋ, ಚಕ್ರವರ್ತಿಯ ಪ್ರತಿನಿಧಿಪದವಿಗೆ ಮಾತ್ರ ಸಂಬಂಧಿಸಿದುದೋ ಎಂಬುದೂ ಸಂದಿಗ್ಧ. ಹೆಸರಿಲ್ಲದ ಕಲ್ಲಿಗೆ ನಮಗೆ ಬೇಕಾದ ಹೆಸರನ್ನು ಕೊಟ್ಟು, ಅನಂತರ ಆ ಕಲ್ಲನ್ನೇ ಸಾಕ್ಷಿಯಾಗಿ ಕರೆಯುವುದು ಸಾಧುವಾದ ಕ್ರಮವಲ್ಲ. ಹೆರೋದನ ಕೊನೆಯ ವರ್ಷಗಳಲ್ಲಿ ಸಿರಿಯವನ್ನು ಆಳಿದವರು ಸಾತುರ್ನಿನಸ್ ಮತ್ತು ವಾರಸ್ ಎಂಬುದು ಜೋಸೀಫಸನಿಂದ ತಿಳಿದಿದೆ. ಯೇಸುವಿನ ಕಾಲದ ಗಣತಿಯನ್ನು ಸಾತುರ್ನಿನಸನು ನಡೆಸಿದನೆಂದು ಟೆರ್ಟುಲಿಯನನು ಹೇಳಿರುವುದನ್ನು ನೋಡಿದರೆ, ಪ್ರಾಚೀನ ಕ್ರೈಸ್ತ ಲೇಖಕರಲ್ಲಿಯೂ ಈ ವಿಷಯದಲ್ಲಿ ಏಕಾಭಿಪ್ರಾಯವಿರಲಿಲ್ಲವೆಂಬುದು ವ್ಯಕ್ತವಾಗುತ್ತದೆ.

ವೆನಿಸ್ಸಿನ ಶಾಸನವೆಂದು ಹೆಸರಾದ ಇನ್ನೊಂದು ಕಲ್ಲು ಇದಕ್ಕಿಂತ ಹೆಚ್ಚು ವಿಶ್ವಾಸಾರ್ಹ. ಐಮೀಲಿಯಸ್ ಸೆಕುಂಡಸ್ ಎಂಬ ಸೇನಾಧಿಕಾರಿಯು ಕುರೇನ್ಯನ ಅಪ್ಪಣೆಯಂತೆ ಸಿರಿಯದ ಅಪಾಮೆಯ ನಗರದಲ್ಲಿ 1,17,000 ಪೌರರನ್ನು ಎಣಿಸಿದನೆಂದು ಅದರಲ್ಲಿದೆ. ಕುರೇನ್ಯನ ಗಣತಿ ಕಲ್ಪಿತವಲ್ಲವೆಂಬುದಕ್ಕೆ ಇದು ಸಾಕ್ಷಿ. ಅದು ಹೆರೋದನ ಕಾಲದ್ದೆಂಬುದಕ್ಕೆ ಅಲ್ಲ. ಲೂಕನ ಗ್ರೀಕ್ ವಾಕ್ಯವನ್ನು 'ಕುರೇನ್ಯನ ಅಧಿಕಾರಕ್ಕೆ ಮೊದಲು ನಡೆದ ಗಣತಿ' ಎಂದು ಅರ್ಥಮಾಡುವವರೂ ಇದ್ದಾರೆ. ಆದರೆ ಅಲ್ಲಿನ ಪದಾನ್ವಯಕ್ಕೆ 'ಅಧಿಪತಿಯಾಗಿದ್ದಾಗ' ಎಂಬುದೇ ಸಹಜವಾದ ಅರ್ಥ. ತೊಡಕಿಲ್ಲದಿದ್ದಲ್ಲಿ ಬೇರೆ ಅರ್ಥವು ಯಾರಿಗೂ ಹೊಳೆಯುತ್ತಿರಲಿಲ್ಲ.

ಯೋಸೇಫನ ಪ್ರಯಾಣದ ವಿಷಯವನ್ನು ಇಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕ್ರಿ. ಶ. 104ರಲ್ಲಿ ಈಜಿಪ್ಟಿನ ಅಧಿಪತಿ ವಿಬಿಯಸ್ ಮಾಕ್ಸಿಮಸನು, ತಮ್ಮ ಜಿಲ್ಲೆಗಳನ್ನು ಬಿಟ್ಟುಹೋದವರು ಗಣತಿಗಾಗಿ ಸ್ವಸ್ಥಳಗಳಿಗೆ ಹಿಂದಿರುಗಬೇಕೆಂದು ಆಜ್ಞೆಮಾಡಿದನು. ಮೃತಸಮುದ್ರದ ಪಶ್ಚಿಮಕ್ಕಿರುವ ಗುಹೆಯೊಂದರಲ್ಲಿ 1961ರಲ್ಲಿ ದೊರೆತ ಪತ್ರಗಳಿಂದ, ಬಾಬತಾ ಎಂಬ ಯೆಹೂದ್ಯ ಸ್ತ್ರೀಯು ಕ್ರಿ. ಶ. 127ರಲ್ಲಿ ರಬ್ಬತ್ ಮೋವಾಬಿನಲ್ಲಿ ತನ್ನ ಖರ್ಜೂರದ ತೋಟಗಳನ್ನು ಬರೆಯಿಸಿದುದು ತಿಳಿದುಬಂದಿದೆ. ಗಣತಿಗಾಗಿ ಜನರು ಪ್ರಯಾಣ ಮಾಡಬೇಕಾಗುತ್ತಿತ್ತೆಂಬುದೂ, ಸ್ತ್ರೀಯರೂ ಪಟ್ಟಿಗೆ ಸೇರುತ್ತಿದ್ದರೆಂಬುದೂ ಇದರಿಂದ ಸಿದ್ಧವಾಗುತ್ತದೆ. ಆದರೆ ಈಜಿಪ್ಟಿನವರು ಹಿಂದಿರುಗಿದುದು ತಾವು ವಾಸಿಸುವ ಮನೆಗೆ. ಬಾಬತಾ ಹೋದುದು ತನ್ನ ಜಮೀನಿಗೆ ಸಂಬಂಧಪಟ್ಟ ಕೇಂದ್ರಕ್ಕೆ. ಲೂಕನು ಹೇಳುವ ಕಾರಣವಾದರೋ ವಂಶ. ನೂರಾರು ವರ್ಷಗಳ ಹಿಂದಿನ ಮೂಲಪುರುಷನ ಊರಿಗೆ ಜನರನ್ನು ಕಳುಹಿಸುವುದರಿಂದ ತೆರಿಗೆಯ ಅಧಿಕಾರಿಗೆ ಯಾವ ಲಾಭವೂ ಇಲ್ಲ. ಯೋಸೇಫನಿಗೆ ಬೇತ್ಲೆಹೇಮಿನಲ್ಲಿ ಜಮೀನಿತ್ತೆಂದು ಊಹಿಸಬಹುದು. ಆದರೆ ಲೂಕನು ಹಾಗೆ ಹೇಳಿಲ್ಲ.

ಆದುದರಿಂದ ಲೂಕನ ಕಾಲನಿರ್ದೇಶವು ತಪ್ಪೆಂದು ಒಪ್ಪುವುದೇ ಉಚಿತವೆಂದು ತೋರುತ್ತದೆ. ಆದರೆ ಅಷ್ಟಕ್ಕೇ ನಿಲ್ಲುವ ವಿಮರ್ಶೆಯೂ ಅಪೂರ್ಣವಾದುದು. ಲೂಕನು ಇತರ ಗಣತಿಗಳನ್ನು ಬಿಟ್ಟು ಈ ಗಣತಿಯನ್ನೇ ಏಕೆ ನೆನೆದನೆಂಬುದನ್ನು ಕೇಳಬೇಕು. ಕ್ರಿ. ಶ. 6ರ ಗಣತಿ ಯೆಹೂದ್ಯರ ನೆನಪಿನಲ್ಲಿ ಗಾಯದಂತೆ ಉಳಿದಿತ್ತು. ಮಹಾಯಾಜಕ ಯೋವಾಜರನು ಜನರನ್ನು ಸಮಾಧಾನಪಡಿಸಿದರೂ, ಗಲಿಲಾಯದ ಯೂದನು ಈ ಗಣತಿ ದಾಸ್ಯವಲ್ಲದೆ ಬೇರಲ್ಲವೆಂದೂ, ದೇವರೊಬ್ಬನೇ ಒಡೆಯನೆಂದೂ ಸಾರಿ ದಂಗೆಯೆಬ್ಬಿಸಿದನು. ಲೂಕನದೆಂದೇ ಪ್ರಸಿದ್ಧವಾದ ಅಪೊಸ್ತಲರ ಕೃತ್ಯಗಳಲ್ಲಿಯೂ ಗಣತಿಯ ದಿನಗಳಲ್ಲಿ ಎದ್ದ ಈ ಯೂದನ ಪ್ರಸ್ತಾಪವಿದೆ. ಜನರನ್ನು ಎಣಿಸುವ ಹಕ್ಕು ಯಾರದೆಂಬ ಪ್ರಶ್ನೆ ಆ ಜನರಿಗೆ ಹೊಸದಾಗಿರಲಿಲ್ಲ. ದಾವೀದನೇ ಜನರನ್ನು ಎಣಿಸಿದುದು ಪಾಪವಾಗಿ, ವ್ಯಾಧಿಯಿಂದ 70,000 ಮಂದಿ ಸತ್ತರೆಂಬ ಕಥೆ ಅವರ ಧರ್ಮಗ್ರಂಥದಲ್ಲಿತ್ತು.

ಈ ಹಿನ್ನೆಲೆಯಲ್ಲಿ ಲೂಕನ ಕಥನದ ಉದ್ದೇಶವು ತಿಳಿಯಾಗುತ್ತದೆ. ಒಬ್ಬ ಗಲಿಲಾಯನು ಗಣತಿಯ ವಿರುದ್ಧ ಎದ್ದನು. ಇನ್ನೊಬ್ಬ ಗಲಿಲಾಯನ ಕುಟುಂಬವು ಅದೇ ಆಜ್ಞೆಗೆ ತಲೆಬಾಗಿ ದಾರಿ ಹಿಡಿಯಿತು. ಕೈಸರನಿಗೆ ತೆರಿಗೆ ಕೊಡಬಾರದೆಂದು ಯೇಸು ಬೋಧಿಸುತ್ತಾನೆಂಬ ದೂರು ಪಿಲಾತನ ಮುಂದೆ ಬಂದುದನ್ನು ದಾಖಲಿಸಿದವನು ನಾಲ್ವರು ಸುವಾರ್ತಿಕರಲ್ಲಿ ಲೂಕನೊಬ್ಬನೇ. ಆ ಆರೋಪಕ್ಕೆ ಉತ್ತರವು ಜನನದ ಅಧ್ಯಾಯದಲ್ಲಿಯೇ ಸಿದ್ಧವಾಗಿದೆಯೆಂದು ಹೇಳಿದರೆ ತಪ್ಪಾಗಲಾರದು. ಜೊತೆಗೆ, ಲೋಕವನ್ನೇ ಎಣಿಸುವೆನೆಂಬ ಚಕ್ರವರ್ತಿಯ ಆಜ್ಞೆಯು ತನಗೆ ಅರಿವಿಲ್ಲದೆಯೇ ದಾವೀದನ ಊರಿನಲ್ಲಿ ಇನ್ನೊಬ್ಬ ಅರಸನ ಹುಟ್ಟಿಗೆ ನಿಮಿತ್ತವಾಗುತ್ತದೆ. ಲೂಕನು ಹೇಳಹೊರಟದ್ದು ಇದನ್ನು, ವರ್ಷದ ಲೆಕ್ಕವನ್ನಲ್ಲ.

ಕನ್ನಡ ಸತ್ಯವೇದದಲ್ಲಿ ಈ ಗಣತಿಯನ್ನು ಖಾನೇಷುಮಾರಿಯೆಂದು ಕರೆದಿರುವುದನ್ನೂ ಇಲ್ಲಿ ಸ್ಮರಿಸಬಹುದು. ಖಾನೆಯೆಂದರೆ ಮನೆ, ಷುಮಾರಿಯೆಂದರೆ ಎಣಿಕೆ; ಈಜಿಪ್ಟಿನ ಪಪೈರಸ್ಸುಗಳ 'ಮನೆವಾರು ಪಟ್ಟಿ' ಎಂಬ ಗ್ರೀಕ್ ಮಾತಿಗೆ ಇದು ಅಚ್ಚರಿಪಡುವಷ್ಟು ಸಮೀಪವಾಗಿದೆ. ಕಂದಾಯ ಕಚೇರಿಯ ವಾಸನೆಯುಳ್ಳ ಆ ಶಬ್ದದಲ್ಲಿ ಎಣಿಸುವವನ ಅಧಿಕಾರವೂ ಎಣಿಸಲ್ಪಡುವವನ ಅಳುಕೂ ಸೇರಿಕೊಂಡಿವೆ.

ತರಗತಿಯಲ್ಲಿ ಈ ಪ್ರಶ್ನೆ ಬಂದಾಗ ಅಧ್ಯಾಪಕನಿಗೆ ಎರಡು ಸುಲಭವಾದ ದಾರಿಗಳಿವೆ. ಧರ್ಮಗ್ರಂಥವೆಂಬ ಗೌರವದಿಂದ ಪ್ರಮಾಣಗಳನ್ನು ಬಗ್ಗಿಸುವುದು ಒಂದು. ಒಂದು ತಪ್ಪು ಸಿಕ್ಕಿತೆಂದು ಇಡೀ ವೃತ್ತಾಂತವನ್ನು ಕಟ್ಟುಕಥೆಯೆಂದು ಬದಿಗಿಡುವುದು ಇನ್ನೊಂದು. ಎರಡರಲ್ಲಿಯೂ ಓದುವ ಶ್ರಮ ತಪ್ಪುತ್ತದೆ. ಕ್ರಿ. ಶ. 6ರ ಘಟನೆಯನ್ನು ಹೆರೋದನ ಕಾಲಕ್ಕೆ ತಂದ ಲೂಕನು ಕಾಲಗಣಕನಾಗಿ ಎಡವಿದ್ದಾನೆ. ಆದರೆ ಪರಕೀಯರ ಪಟ್ಟಿಯಲ್ಲಿ ತಮ್ಮ ಹೆಸರು ಬರೆಯಿಸಿದ ಜನರ ಮನಸ್ಸಿಗೆ ಸಾಕ್ಷಿಯಾಗಿ ಅವನು ನಂಬತಕ್ಕವನು. ಈ ಎರಡು ಮಾತುಗಳನ್ನೂ ಒಟ್ಟಿಗೆ ಹೇಳಲು ವಿದ್ಯಾರ್ಥಿಯು ಕಲಿತರೆ, ಆಧಾರಗ್ರಂಥಗಳ ವಿಮರ್ಶೆಯೆಂಬುದರ ಮೊದಲ ಪಾಠ ಅವನಿಗೆ ಆದಂತೆಯೇ.